ಮಡಚಿದ ಅಂಚು

"ಉಘಡತ್ ನಾಹೀ," ಎಂದರು ಅಂಗಡಿಯವರು. ಇದು ಬಿಚ್ಚುವಂಥದ್ದಲ್ಲ, ಸೀಲ್ ಆಗಿಯೇ ಬಂದದ್ದು, ಹೊಸದು ಹಾಕಿಸಿ. ಪುಣೆ ಪಕ್ಕದ ಭೋಸರಿಯಲ್ಲಿ ನಾಸಿಕ್ ರಸ್ತೆಗೆ ಮುಖ ಮಾಡಿದ್ದ ಆ ಸ್ಪೇರ್‌ಪಾರ್ಟ್ಸ್ ಅಂಗಡಿಯ ಕೌಂಟರಿನ ಮೇಲೆ ನಮ್ಮ ಯೆಜ್ಡಿ ಮೋಟಾರ್‌ಸೈಕಲ್ಲಿನ ಸ್ಪೀಡೋಮೀಟರ್ ಕೂತಿತ್ತು. ಗಾಜಿಗೆ ಒಳಗಿನಿಂದ ಹಬೆ ಹತ್ತಿ ಅರ್ಧ ಅಂಕಿಗಳು ಕಾಣುತ್ತಿರಲಿಲ್ಲ. ಗಾಡಿಯಿಂದ ಕಳಚಿ ತಂದು ಒಂದು ತಾಸು ಆಗಿದ್ದರೂ ಮುಳ್ಳು 60ರ ಹತ್ತಿರವೇ ಸಿಕ್ಕಿಕೊಂಡಿತ್ತು. ಅಪ್ಪ ಮೀಟರನ್ನು ಎತ್ತಿ ಬೆನ್ನು ಮೇಲೆ ಮಾಡಿಕೊಂಡು, ಹೊಳೆಯುವ ರಿಂಗಿನ ಹಿಂದಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಸುತ್ತು, ಮತ್ತೊಂದು ಸುತ್ತು. ಆಮೇಲೆ ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಹೊರಟ. ಲಾಂಡೇವಾಡಿಯ ನಮ್ಮ ಚಾಳಿನ ತಿರುವು ಬರುವವರೆಗೂ ಮಾತಿಲ್ಲ. ತಿರುವಿನಲ್ಲಿ ಹೇಳಿದ: "ಮಡಚಿದ್ದು ಬಿಚ್ಚತೈತಿ."

1993ರ ಮಳೆಗಾಲ ಅದು. ನನಗೆ ಹದಿಮೂರು ವರ್ಷ.

ಅಪ್ಪನ ಬೆರಳಿಗೆ ಆ ಅಂಚಿನ ಪರಿಚಯ ಚೆನ್ನಾಗಿ ಇತ್ತು. ಅಂಥ ಅಂಚು ಮಡಚುವುದೇ ಅವನ ನೌಕರಿಯಾಗಿತ್ತು. ನಮ್ಮದು ಇಂಡಿ ತಾಲ್ಲೂಕು, ಭೀಮಾ ದಂಡೆಯ ಹಳ್ಳಿ. 1972ರ ಬರದಲ್ಲಿ ಹೊಳೆ ದಂಡೆಯಿದ್ದರೂ ಜೋಳ ಬರಲಿಲ್ಲ. ಮರುವರ್ಷ ಸೊಲ್ಲಾಪುರದಿಂದ ಪುಣೆಯ ರೈಲು ಹತ್ತಿದ ನಮ್ಮ ಕಡೆಯ ಹುಡುಗರಲ್ಲಿ ಅಪ್ಪನೂ ಒಬ್ಬ. ಆ ಹೊತ್ತಿಗೆ ಪಿಂಪ್ರಿ–ಚಿಂಚವಾಡದಲ್ಲಿ ದೊಡ್ಡ ಕಾರ್ಖಾನೆಗಳು ಬೇರು ಬಿಟ್ಟಿದ್ದವು. ಹಿಂದೂಸ್ತಾನ್ ಆ್ಯಂಟಿಬಯೊಟಿಕ್ಸ್ 1954ರಲ್ಲೇ ಬಂದಿತ್ತು, ಆಮೇಲೆ ಆಕುರ್ಡಿಯಲ್ಲಿ ಬಜಾಜ್, ಪಿಂಪ್ರಿಯಲ್ಲಿ ಟೆಲ್ಕೊ. ಆ ದೊಡ್ಡವಕ್ಕೆ ಬೇಕಾಗುವ ಸಣ್ಣ ಸಾಮಾನು, ಅಂದರೆ ವಾಶರು, ಕ್ಲಿಪ್ಪು, ಬ್ರ್ಯಾಕೆಟ್ಟು, ರಿಂಗು, ಭೋಸರಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ತಗಡಿನ ಶೆಡ್ಡುಗಳಲ್ಲಿ ತಯಾರಾಗುತ್ತಿತ್ತು. ಅಂಥದೊಂದು ಶೆಡ್ಡಿನಲ್ಲಿ ಅಪ್ಪ ಪವರ್ ಪ್ರೆಸ್ಸಿನ ಮುಂದೆ ನಿಂತ. ಹಿತ್ತಾಳೆಯ ತಗಡು ಕತ್ತರಿಸುವುದು, ಅದನ್ನು ಡೈಯಲ್ಲಿ ಒತ್ತಿ ರಿಂಗ್ ಮಾಡುವುದು, ಪಾಲಿಶ್ ಆಗಿ ಕ್ರೋಮ್ ಆಗಿ ಬಂದ ಮೇಲೆ ಗಾಜು, ರಬ್ಬರ್, ಮೀಟರಿನ ಡಬ್ಬಿ ಎಲ್ಲ ಕೂಡಿಸಿ ಅಂಚನ್ನು ಒಳಕ್ಕೆ ಮಡಚುವುದು. ಪ್ರೆಸ್ ಒಂದು ಸಲ ಇಳಿದರೆ ಮುಗಿಯಿತು. ಸ್ಕ್ರೂ ಇಲ್ಲ, ಬೋಲ್ಟ್ ಇಲ್ಲ. ಆ ಮಡಿಕೆಯೇ ಬೀಗ. ನಮ್ಮ ಮೀಟರಿನ ರಿಂಗ್ ಅಪ್ಪನ ಶೆಡ್ಡಿನದಾಗಿರಲಿಲ್ಲ, ಆದರೆ ಕೆಲಸ ಅದೇ ಜಾತಿಯದು.

1989ರಲ್ಲಿ ಆ ಪ್ರೆಸ್ಸು ಅವನ ಎಡಗೈಯ ತೋರುಬೆರಳು ಮತ್ತು ನಡುಬೆರಳನ್ನು ಎರಡನೆಯ ಗೆಣ್ಣಿನ ತನಕ ತೆಗೆದುಕೊಂಡಿತು. ರಾತ್ರಿ ಪಾಳಿ ಮುಗಿಯುವ ಹೊತ್ತು. ಬೆರಳಿನ ಮುಂದೆ ಅಡ್ಡ ಬರುವ ಜಾಳಿಯನ್ನು ಕೆಲಸ ಬೇಗ ಸಾಗಲೆಂದು ಎತ್ತಿ ಕಟ್ಟಿದ್ದರು. ಆ ಕಾಲದಲ್ಲಿ ಭೋಸರಿಯ ಬಸ್ಸಿನಲ್ಲಿ ನಿಂತು ಮೇಲಿನ ಕಂಬಿ ಹಿಡಿದ ಕೈಗಳನ್ನು ನೋಡಿದರೆ ಪ್ರೆಸ್ ಶಾಪಿನವರು ಯಾರೆಂದು ಎಣಿಸಬಹುದಿತ್ತು. ಚಿಕ್ಕವನಾಗಿದ್ದಾಗ ನಾನು ಎಣಿಸುತ್ತಿದ್ದೆ, ಆಟ ಎಂದುಕೊಂಡು. ಅಪ್ಪನ ಕೈ ಹಾಗಾದ ಮೇಲೆ ಎಣಿಸುವುದನ್ನು ಬಿಟ್ಟೆ.

ಕೈ ಮಾಯ್ದ ಮೇಲೆ ಎಲ್ಲರೂ ಕೇಳಿದ್ದು ಒಂದೇ: ಗಾಡಿ ಏನು ಮಾಡ್ತಿ? 1986ರಲ್ಲಿ ಅಪ್ಪ ಸೆಕೆಂಡ್ ಹ್ಯಾಂಡ್ ಯೆಜ್ಡಿ ತಗೊಂಡಿದ್ದ. ಬಜಾಜ್ ಊರಲ್ಲಿದ್ದು ಯೆಜ್ಡಿ ಯಾಕೆ ಎಂದು ಆಗಲೂ ಜನ ಕೇಳಿದ್ದರು, "ನಮ್ಮ ಮೈಸೂರಿನ ಗಾಡಿ" ಎಂದು ಅಪ್ಪ ಉತ್ತರ ಕೊಟ್ಟಿದ್ದ. ಮೈಸೂರನ್ನು ಅವನು ಕಣ್ಣಿಂದ ಕಂಡವನಲ್ಲ. ಆದರೂ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾದದ್ದು, ಜಾವಾ ಹೆಸರು ಹೋಗಿ 1973ರಲ್ಲಿ ಯೆಜ್ಡಿ ಆದದ್ದು, ಎಲ್ಲ ಅವನಿಗೆ ಬಾಯಿಪಾಠ. 1973 ಎಂದರೆ ನಾನು ಪುಣೆಗೆ ಬಂದ ವರ್ಷವೇ ಎನ್ನುತ್ತಿದ್ದ. ಈಗ ಆ ಗಾಡಿಯ ಇನ್ನೊಂದು ಗುಣ ಕೈಹಿಡಿಯಿತು. ಆಗಿನ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಗೇರು ಇದ್ದದ್ದು ಎಡಗೈಯ ಹಿಡಿಯಲ್ಲಿ. ಕ್ಲಚ್ ಅದುಮಿ ಇಡೀ ಹಿಡಿಯನ್ನು ತಿರುವಬೇಕಾಗಿತ್ತು. ಮೂರು ಬೆರಳಿನ ಕೈಗೆ ಅದು ಬಗ್ಗುತ್ತಿರಲಿಲ್ಲ. ಆ ಹಳೆಯ ಜಾವಾ ತಳಿಯ ಗಾಡಿಯಲ್ಲಿ ಕಾಲಿನಿಂದ ಗೇರು ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತದೆ, ಕಾಲು ಮೆಲ್ಲಗೆ ಸಡಿಲಿಸಿದರೆ ತಾನಾಗಿ ಹಿಡಿಯುತ್ತದೆ. ಕೈಯ ಲಿವರ್ ಇದೆ, ಅದನ್ನು ಮುಟ್ಟದೆಯೂ ಗೇರು ಬದಲಿಸಬಹುದು. ಬೇಕಾದರೆ ಅದೇ ಪೆಡಲನ್ನು ಒಳಕ್ಕೆ ತಳ್ಳಿ ಮೇಲೆ ತಿರುಗಿಸಿದರೆ ಕಿಕ್. ಹಾಗಾಗಿ ಅಪ್ಪ ಗಾಡಿ ಮಾರಲಿಲ್ಲ. ಕಾರ್ಖಾನೆಗೆ, ಮಂಡಿಗೆ, ವರ್ಷಕ್ಕೊಮ್ಮೆ ಸೊಲ್ಲಾಪುರದ ಮೇಲಿಂದ ಊರಿಗೆ, ಎಲ್ಲಕ್ಕೂ ಅದೇ. ಊರಿಗೆ ಹೋಗುವಾಗ ಭೀಮಾ ಪೂಲು ದಾಟಿ ಧೂಳಖೇಡ ಬಂದ ಕೂಡಲೇ ಗಾಡಿ ನಿಲ್ಲಿಸಿ ಮೀಟರಿನ ಅಂಕಿ ನೋಡಿ ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಪೆಟ್ರೋಲ್ ಹಾಕಿಸಿದಾಗಲೂ ಅಷ್ಟೆ: ಅಂಕಿ, ಲೀಟರು, ರೂಪಾಯಿ. ಕನ್ನಡ ಅಂಕಿಗಳಲ್ಲಿ.

ಅಂಥ ಮೀಟರು ಆ ಜುಲೈಯಲ್ಲಿ ಹುಚ್ಚು ಹಿಡಿದ ಹಾಗೆ ಆಡತೊಡಗಿತ್ತು. ಗಾಡಿ ಹೊರಟು ಮೂವತ್ತರ ವೇಗ ಬರುವಷ್ಟರಲ್ಲಿ ಮುಳ್ಳು ನೂರು ದಾಟಿ ತುದಿಗೆ ಬಡಿಯುತ್ತಿತ್ತು. ನಿಲ್ಲಿಸಿದ ಮೇಲೂ ಪೂರ್ತಿ ಕೆಳಗಿಳಿಯುತ್ತಿರಲಿಲ್ಲ. ಕಾರಣ ಗ್ರೀಸು. ಮಳೆಗಾಲಕ್ಕೆ ಮುಂಚೆ ಅಪ್ಪನೇ ಕೇಬಲಿನ ಒಳತಂತಿಯನ್ನು ಹೊರಗೆಳೆದು, ನೀರು ಹೋಗಬಾರದೆಂದು, ಈ ತುದಿಯಿಂದ ಆ ತುದಿಯವರೆಗೆ ಗ್ರೀಸ್ ಬಳಿದು ತುಂಬಿಸಿದ್ದ. ಆ ತಂತಿ ಹಗ್ಗದ ಹಾಗೆ ಹೊಸೆದದ್ದು. ಅದು ತಿರುಗುವಾಗ ಹೊಸೆತದ ಸುರುಳಿ ಸ್ಕ್ರೂವಿನಂತೆ ಕೆಲಸ ಮಾಡಿ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ, ಬಾವಿಯಿಂದ ನೀರು ಸೇದಿದ ಹಾಗೆ. ಕೊನೆಗೆ ಗ್ರೀಸು ಹೋಗಿ ನಿಲ್ಲುವುದು ಮೀಟರಿನ ಹೊಟ್ಟೆಯಲ್ಲಿ. ಮೇಲಿನ ತುದಿಯ ಒಂದು ಗೇಣು ತಂತಿಯನ್ನು ಒಣಗಿಸಿಯೇ ಬಿಡಬೇಕು ಎಂಬುದನ್ನು ಇವತ್ತು ನಾನು ಯಾರಿಗಾದರೂ ಮೊದಲು ಹೇಳುತ್ತೇನೆ.

ಎಂಐಡಿಸಿಗೆ ವಾರದ ರಜೆ ಗುರುವಾರ. ಇಡೀ ಪಿಂಪ್ರಿ–ಚಿಂಚವಾಡಕ್ಕೆ ಆ ದಿನ ಕರೆಂಟ್ ಕಡಿತ ಇರುತ್ತಿದ್ದುದರಿಂದ ಕಾರ್ಖಾನೆಗಳಿಗೆ ಭಾನುವಾರ ಗುರುವಾರಕ್ಕೆ ಬರುತ್ತಿತ್ತು. ನನ್ನದು ಬೆಳಗಿನ ಶಾಲೆ. ಆ ಗುರುವಾರ ಮಧ್ಯಾಹ್ನ ಬರುವಷ್ಟರಲ್ಲಿ ಅಪ್ಪ ಹೊಸ್ತಿಲ ಹತ್ತಿರ ಬೆಳಕು ಬೀಳುವ ಕಡೆ ಬಿಳಿ ಪಂಚೆ ಹಾಸಿದ್ದ. ಮೇಲೆ ಒಂದು ಸಣ್ಣ ಜೋಳದ ಚೀಲ, ಊರಿಂದ ತಂದ ಬಿಳಿಜೋಳದ್ದು. ಅದರ ನಡುವೆ ಮುಷ್ಟಿಯಿಂದ ಗುಣಿ ಮಾಡಿ ಮೀಟರನ್ನು ಮುಖ ಕೆಳಗಾಗಿ ಕೂರಿಸಿದ. ಕಾಳು ಸುತ್ತಲೂ ಸರಿದು ಹಿಡಿದುಕೊಂಡಿತು. ವೈಸಿನಲ್ಲಿ ಹಿಡಿದರೆ ಡಬ್ಬಿ ಚಪ್ಪಟೆಯಾಗುತ್ತದೆ, ನೆಲದ ಮೇಲಿಟ್ಟರೆ ಗಾಜು ಒಡೆಯುತ್ತದೆ, ಜೋಳ ಎರಡನ್ನೂ ಆಗಗೊಡುವುದಿಲ್ಲ. ಮೂವತ್ತು ವರ್ಷ ಆಯಿತು, ನಾನು ಇನ್ನೂ ಜೋಳದ ಚೀಲವನ್ನೇ ಬಳಸುತ್ತೇನೆ.

"ಕೈ ಹಚ್ಚು," ಎಂದ.

ನಾನು ಅವನ ಮುಖ ನೋಡಿದೆ. ಎಡಗೈ ತೊಡೆಯ ಮೇಲಿತ್ತು. ಅಲ್ಲಿಯವರೆಗೆ ಮನೆಯ ರಿಪೇರಿ ಎಂದರೆ ಅಪ್ಪ ಮಾಡುವುದು, ನಾನು ಬ್ಯಾಟರಿ ಹಿಡಿಯುವುದು. ಸಣ್ಣ ಸ್ಕ್ರೂಡ್ರೈವರನ್ನು ಅವನು ಮೊದಲೇ ಕಲ್ಲಿಗೆ ಉಜ್ಜಿ ಮೂಲೆ ಮೊಂಡು ಮಾಡಿಟ್ಟಿದ್ದ. ಅದನ್ನು ಅಂಚಿನ ಕೆಳಗೆ ತೂರಿಸಿ ಎತ್ತಬೇಕು, ಆದರೆ ಎತ್ತಿದ್ದು ಕಣ್ಣಿಗೆ ಕಾಣಬಾರದು. ಅಷ್ಟು ಕಡಿಮೆ. ಅಲ್ಲಿಂದ ಒಂದು ಅಕ್ಕಿಕಾಳಿನಷ್ಟು ಮುಂದೆ ಸರಿದು ಮತ್ತೆ ಅಷ್ಟೇ. ಒಂದು ಸುತ್ತು ಮುಗಿಯಲು ಅರ್ಧ ತಾಸು ಹಿಡಿಯಿತು. ಸುತ್ತು ಮುಗಿದಾಗ ಅಂಚು ಎದ್ದಿದೆಯೋ ಇಲ್ಲವೋ ಎಂದು ಉಗುರಿನಿಂದ ಮಾತ್ರ ಗೊತ್ತಾಗುತ್ತಿತ್ತು. ಎರಡನೆಯ ಸುತ್ತಿಗೆ ಉಗುರು ಒಳಗೆ ಹೋಯಿತು. ಮೂರನೆಯ ಸುತ್ತಿನ ಕೊನೆಯಲ್ಲಿ ನನಗೆ ತಾಳ್ಮೆ ತಪ್ಪಿತು. ಒಂದೇ ಕಡೆ ಜೋರಾಗಿ ಎತ್ತಿದೆ, ಹಿತ್ತಾಳೆ 'ಟಿಕ್' ಎಂದಿತು. ಬಹಳ ಸಣ್ಣ ಸಪ್ಪಳ. ಅಪ್ಪ ಕಣ್ಣು ಮುಚ್ಚಿ ತೆಗೆದ. ಬಯ್ಯಲಿಲ್ಲ.

"ಹಿತ್ತಾಳಿಗೆ ನೆನಪಿರ್ತೈತಿ," ಎಂದ. "ಒಮ್ಮೆ ಮಡಚಿದ್ರ ಅಲ್ಲೆ ಗಟ್ಟಿ ಆಗ್ತೈತಿ. ಬಿಚ್ಚಿದ್ರ ಮತ್ತಷ್ಟು ಗಟ್ಟಿ. ಇನ್ನೊಮ್ಮೆ ಮಡಚೂದು ಆಗ್ತೈತಿ, ಅದರ ಮ್ಯಾಲಿಲ್ಲ." ಮುಂದೆ ಡಿಪ್ಲೊಮಾದಲ್ಲಿ ವರ್ಕ್ ಹಾರ್ಡನಿಂಗ್ ಎಂಬ ಪಾಠ ಬಂದಾಗ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಗೆರೆಗಿಂತ ಮೊದಲು ನನಗೆ ಕೇಳಿಸಿದ್ದು ಆ 'ಟಿಕ್'.

ರಿಂಗ್ ಬಂತು, ಗಾಜು ಬಂತು, ಕಪ್ಪಗೆ ಒಣಗಿದ ರಬ್ಬರ್ ಪುಡಿಪುಡಿಯಾಗಿ ಬಂತು. ಡಬ್ಬಿಯ ಹಿಂದಿನ ಎರಡು ಸ್ಕ್ರೂ ತೆಗೆದಾಗ ಒಳಗಿನ ಯಂತ್ರ ಇಡಿಯಾಗಿ ಕೈಗೆ ಇಳಿಯಿತು. ಗ್ರೀಸಿನ ವಾಸನೆ, ಜೊತೆಗೆ ಎಷ್ಟೋ ವರ್ಷ ಮುಚ್ಚಿದ್ದ ಪೆಟ್ಟಿಗೆಯ ವಾಸನೆ. ಡಯಲ್ ತೆಗೆಯದೆ ಒಳಗೆ ಏನೂ ಕಾಣುವಂತಿರಲಿಲ್ಲ, ಮುಳ್ಳು ಕೀಳದೆ ಡಯಲ್ ಬರುವಂತಿರಲಿಲ್ಲ. ಆ ಮುಳ್ಳಿನ ಕೆಳಗಿನ ಕಡ್ಡಿ ಹೊಲಿಗೆ ಸೂಜಿಯಷ್ಟು ತೆಳು. ಕೊಂಚ ವಾರೆಯಾಗಿ ಎಳೆದರೂ ಬಗ್ಗಿಹೋಗುತ್ತದೆ. ನಾನು ಹಿಡಿದೆ, ಬಿಟ್ಟೆ. ಅಪ್ಪ ಹಿಡಿಯಲು ನೋಡಿದ, ಬಿಟ್ಟ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ತೊಳೆದುಕೊಂಡು ಬಂದಳು. ಕನ್ನಡದಲ್ಲಿ ನಾವು ಅದನ್ನು ಮುಳ್ಳು ಎನ್ನುತ್ತೇವೆ, ಮರಾಠಿಯಲ್ಲಿ ಕಾಟಾ, ಅದೂ ಮುಳ್ಳೇ. ಎರಡು ಭಾಷೆಯ ಜನ ಗಡಿಯಾರದ ಕಡ್ಡಿಯಲ್ಲಿ ಒಂದೇ ವಸ್ತುವನ್ನು ಕಂಡಿದ್ದಾರೆ. ಊರಲ್ಲಿ ಓಣಿಯ ಮಕ್ಕಳ ಕಾಲಿಗೆ ಜಾಲಿಮುಳ್ಳು ನಟ್ಟರೆ ಅವ್ವನ ಹತ್ತಿರ ಕಳಿಸುತ್ತಿದ್ದರಂತೆ. "ಮುಳ್ಳು ತಗಿಯೂದು ನನಗ ಬಿಡ್ರಿ," ಎಂದು ಕೂತಳು. ಡಯಲಿನ ಬಣ್ಣ ಕೆಡದಿರಲೆಂದು ಒಂದು ಕಾಗದದ ತುಂಡು ಸೀಳಿ ಮುಳ್ಳಿನ ಕೆಳಗೆ ಸರಿಸಿದಳು. ಎರಡು ಚಹಾ ಚಮಚಗಳನ್ನು ಎದುರುಬದುರಾಗಿ ಅದರ ಬುಡಕ್ಕೆ ತೂರಿಸಿ, ಎರಡೂ ಹಿಡಿಗಳನ್ನು ಒಟ್ಟಿಗೆ ಕೆಳಗೆ ಒತ್ತಿದಳು. ಮುಳ್ಳು ನೆಟ್ಟಗೆ ಮೇಲೆದ್ದು ಪಂಚೆಯ ಮೇಲೆ ಬಿತ್ತು. ಇವತ್ತಿಗೂ ನನ್ನ ಡ್ರಾಯರಿನಲ್ಲಿ ಮುಳ್ಳು ತೆಗೆಯುವ ಜರ್ಮನ್ ಉಪಕರಣ ಇದೆ. ಅದರ ತತ್ವ ಆ ಎರಡು ಚಮಚದ್ದೇ.

ಡಯಲ್ ತೆಗೆದಾಗ ನಾನು ಮೊದಲ ಸಲ ಸ್ಪೀಡೋಮೀಟರಿನ ಒಳಗನ್ನು ಕಂಡೆ. ಕೇಬಲ್ ಬಂದು ಸೇರುವ ತುದಿಗೆ ಒಂದು ಅಯಸ್ಕಾಂತ. ಅದರ ಮೇಲೆ ಟೋಪಿಯ ಹಾಗೆ ಬೋರಲು ಹಾಕಿದ ಅಲ್ಯೂಮಿನಿಯಂ ಬಟ್ಟಲು. ಮುಳ್ಳಿನ ಕಡ್ಡಿ ಈ ಬಟ್ಟಲಿನದು. ಎರಡಕ್ಕೂ ನಡುವೆ ಕಾಗದ ತೂರುವಷ್ಟು ಸಂದು, ಒಂದನ್ನೊಂದು ಮುಟ್ಟುವ ಹಾಗೇ ಇಲ್ಲ. ಮುಟ್ಟದೆ ಇದು ಅದನ್ನು ಹೇಗೆ ತಿರುಗಿಸುತ್ತದೆ? ಅಪ್ಪನನ್ನು ಕೇಳಿದೆ. ಗೊತ್ತಿಲ್ಲ ಎಂದ, ಆದರೆ ಆ ಸಂದಿನಲ್ಲಿ ಏನೂ ಇರಬಾರದು ಎಂಬುದು ಮಾತ್ರ ಖರೆ ಎಂದ. ಉತ್ತರ ನನಗೆ ಸಿಕ್ಕಿದ್ದು ಆರು ವರ್ಷದ ಮೇಲೆ. ಅಲ್ಯೂಮಿನಿಯಂಗೆ ಅಯಸ್ಕಾಂತ ಅಂಟುವುದಿಲ್ಲ ನಿಜ, ಆದರೆ ಪಕ್ಕದಲ್ಲಿ ಅಯಸ್ಕಾಂತ ತಿರುಗಿದರೆ ಆ ಲೋಹದೊಳಗೆ ಸುಳಿ ಸುಳಿಯಾಗಿ ವಿದ್ಯುತ್ತು ಹುಟ್ಟುತ್ತದೆ, ಆ ಸುಳಿವಿದ್ಯುತ್ತು ಬಟ್ಟಲನ್ನು ಅಯಸ್ಕಾಂತದ ಹಿಂದೆ ಎಳೆಯುತ್ತದೆ. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು. ಬಟ್ಟಲು ಪೂರ್ತಿ ತಿರುಗಿಬಿಡದಂತೆ ಕೂದಲಿನಂಥ ಒಂದು ಸುರುಳಿ ಸ್ಪ್ರಿಂಗ್ ಹಿಡಿದುಕೊಂಡಿರುತ್ತದೆ. ಎಳೆತವೂ ಹಿಡಿತವೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟೋ ಶುಲ್ಜೆ ಇದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ಮುಂದೆ ಇಡೀ ಶತಮಾನ ಜಗತ್ತಿನ ಕಾರು, ಲಾರಿ, ಮೋಟಾರ್‌ಸೈಕಲ್ಲುಗಳು ಬಹುಪಾಲು ಇದೇ ಉಪಾಯದ ಮೇಲೆ ವೇಗ ತೋರಿಸಿದವು. ನಮ್ಮ ಮೀಟರಿನಲ್ಲಿ ಆ ಸಂದಿನ ತುಂಬ ಗ್ರೀಸು. ಸುಳಿವಿದ್ಯುತ್ತಿನ ಬದಲು ಗ್ರೀಸೇ ಬಟ್ಟಲನ್ನು ಹಿಡಿದು ಎಳೆದೊಯ್ಯುತ್ತಿತ್ತು.

ಸೀಮೆಎಣ್ಣೆಯಲ್ಲಿ ಅದ್ದಿದ ಕೋಳಿಗರಿಯಿಂದ ಗ್ರೀಸು ತೆಗೆದೆ, ಆಮೇಲೆ ಪೆಟ್ರೋಲು ಹನಿಸಿ ಒಣಗಿಸಿದೆ. ಅವಸರದಲ್ಲಿ ಡಯಲನ್ನೂ ಪೆಟ್ರೋಲ್ ಬಟ್ಟೆಯಿಂದ ಒರೆಸಲು ಹೋಗಿ 20ರ ಪಕ್ಕದ ಒಂದು ಗೆರೆ ಅಳಿಸಿಹೋಯಿತು. ಒದ್ದೆ ಬಟ್ಟೆ ಸಾಕಿತ್ತು. ಸ್ಪ್ರಿಂಗನ್ನು ಮಾತ್ರ ಮುಟ್ಟಬೇಡ ಎಂದ ಅಪ್ಪ ತನ್ನ ಎಚ್‌ಎಂಟಿ ಗಡಿಯಾರ ಬಿಚ್ಚಿ ನನ್ನ ಕಿವಿಗೆ ಹಿಡಿದ. ಇದರಾಗೂ ಅಂಥದ್ದೇ ಐತಿ, ಕೇಳು. ಬೆಂಗಳೂರಿನ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಆ ಗಡಿಯಾರಗಳ ಎದೆಯಲ್ಲೂ ಹೇರ್‌ಸ್ಪ್ರಿಂಗೇ ಉಸಿರಾಡುವುದು.

ಆಗ ಆಗಬಾರದ್ದು ಆಯಿತು. ಕಿಲೋಮೀಟರ್ ತೋರಿಸುವ ಅಂಕಿಯ ಗಾಲಿಗಳಿಗೂ ಗ್ರೀಸು ಹತ್ತಿತ್ತು. ಐದು ಸಣ್ಣ ಗಾಲಿ, ಒಂದೊಂದರ ಮೇಲೆ ಸೊನ್ನೆಯಿಂದ ಒಂಬತ್ತು. ಒಂದು ಗಾಲಿ ಪೂರ್ತಿ ಸುತ್ತಿದಾಗ ನಡುವಿನ ಪುಟ್ಟ ಹಲ್ಲುಚಕ್ರ ಪಕ್ಕದ ಗಾಲಿಯನ್ನು ಒಂದು ಮನೆ ದೂಡುತ್ತದೆ. ಗರಿ ಆಡಿಸುವಾಗ ಆ ಹಲ್ಲುಚಕ್ರಗಳ ಕಡ್ಡಿ ಜಾರಿತು, ಗಾಲಿಗಳು ಸರ್ರನೆ ತಿರುಗಿದವು. ಅಂಕಿ ಹೋಯಿತು. ನನ್ನ ಗಂಟಲು ಒಣಗಿತು. ಸ್ವಲ್ಪ ಹೊತ್ತಿನ ಮೇಲೆ ಧೈರ್ಯ ಮಾಡಿ ಹೇಳಿದೆ: ಎಲ್ಲ ಸೊನ್ನೆ ಮಾಡಿಬಿಡೋಣ, ಹೊಸ ಗಾಡಿಯ ಹಾಗೆ ಆಗುತ್ತದೆ.

"ಸುಳ್ಳಾಗ್ತೈತಿ," ಎಂದ ಅಪ್ಪ.

ಗೂಟಕ್ಕೆ ತೂಗಿಬಿಟ್ಟ ಅಂಗಿಯ ಜೇಬಿನಿಂದ ಪುಸ್ತಕ ತೆಗೆದ. ಕೊನೆಯ ಪೆಟ್ರೋಲಿನ ದಿನ 41,590. ಅಲ್ಲಿಂದ ಈಚೆಗೆ ಆರು ದಿನ ಕಾರ್ಖಾನೆಗೆ ಹೋಗಿ ಬಂದದ್ದು, ಒಂದು ದಿನ ಮಂಡಿಗೆ ಹೋದದ್ದು, ಬೆರಳು ಮಡಚಿ ಲೆಕ್ಕ ಹಾಕಿದ, ಎಡಗೈಯ ಅರ್ಧ ಬೆರಳುಗಳನ್ನೂ ಸೇರಿಸಿ. 41,638. ನಾನು ಒಂದೊಂದೇ ಗಾಲಿ ತಿರುಗಿಸಿ ಅಂಕಿ ನೇರಕ್ಕೆ ತಂದು ಹಿಡಿದೆ, ಅವ್ವ ಕಡ್ಡಿ ತೂರಿಸಿದಳು. ಪುಸ್ತಕದ ಮೊದಲ ಪುಟವನ್ನು ಅಪ್ಪ ನನಗೆ ತೋರಿಸಿದ. ಗಾಡಿ ಕೊಂಡ ದಿನದ ಅಂಕಿ 12,207. ಅದು ಮೊದಲಿನ ಯಜಮಾನ ಓಡಿಸಿದ್ದು. ಅದನ್ನೂ ಅಪ್ಪ ಹಾಗೇ ಉಳಿಸಿಕೊಂಡಿದ್ದ. ಇವತ್ತು ಹಳೆಯ ಗಾಡಿ ಮಾರುವವರು ಕಿಲೋಮೀಟರ್ ಇಳಿಸಿ ಕೊಡಿ ಎಂದು ನನ್ನ ಹತ್ತಿರ ಬರುತ್ತಾರೆ. ಕೊಳ್ಳುವವನು ಬ್ರೇಕನ್ನು, ಟೈರನ್ನು, ತನ್ನ ಜೀವವನ್ನು ಆ ಅಂಕಿ ನಂಬಿ ಲೆಕ್ಕ ಹಾಕುತ್ತಾನೆ. ನಾನು ಅವರಿಗೆ ಮೀಟರ್ ವಾಪಸ್ ಕೊಟ್ಟು ಕಳಿಸುತ್ತೇನೆ.

ಇನ್ನು ಮುಳ್ಳು ಕೂರಿಸುವುದು. ಅದು 60ರಲ್ಲಿ ಸಿಕ್ಕಿಕೊಂಡಿದ್ದಾಗಲೇ ಕಿತ್ತಿದ್ದರಿಂದ ಸರಿಯಾದ ಜಾಗ ಯಾವುದೆಂಬ ಗುರುತು ನಮಗೆ ಉಳಿದಿರಲಿಲ್ಲ. ಸೊನ್ನೆಯ ಮೇಲೆ ಇಟ್ಟರಾಯಿತು ಎಂದೆ. ಹಾಗೇ ಇಟ್ಟೆವು. ಆದರೆ ಅಂಚನ್ನು ಮತ್ತೆ ಮಡಚಲು ಇರುವುದು ಒಂದೇ ಅವಕಾಶ. ಆದ್ದರಿಂದ ಅಪ್ಪ ಗಾಜನ್ನು ಟೇಪಿನಿಂದ ಹಿಡಿಸಿ, ಮೀಟರನ್ನು ಗಾಡಿಗೆ ಕೂರಿಸಿ, ಕೇಬಲ್ ಜೋಡಿಸಿ, ನಡೀರಿ ಎಂದ. ಮಳೆ ಬಿಡುವು ಕೊಟ್ಟಿತ್ತು. ಮೂರೂ ಜನ ಹತ್ತಿದೆವು, ನಾನು ನಡುವೆ. ಭೋಸರಿ ದಾಟಿದರೆ ಆಗ ನಾಸಿಕ್ ರಸ್ತೆ ಎರಡೂ ಬದಿ ಹೊಲ, ಹುಣಸೆ ಮರ. ಒಂದೊಂದು ಕಿಲೋಮೀಟರಿಗೆ ಹಳದಿ ತಲೆಯ ಕಲ್ಲು. ಅಪ್ಪನ ಕೆಲಸ ಮುಳ್ಳನ್ನು 40ರಲ್ಲಿ ಅಲ್ಲಾಡದಂತೆ ಹಿಡಿಯುವುದು, ಅವ್ವನದು ಕಲ್ಲು ನೋಡುವುದು, ನನ್ನದು ಎಚ್‌ಎಂಟಿಯ ಸೆಕೆಂಡು ಮುಳ್ಳು. ತಾಸಿಗೆ 40 ಎಂದರೆ ಒಂದು ಕಿಲೋಮೀಟರಿಗೆ 90 ಸೆಕೆಂಡು, ಅಷ್ಟು ಗಣಿತ ನನಗೆ ಬರುತ್ತಿತ್ತು. "ಬಂತು!" ಎಂದು ಅವ್ವ ಬೆನ್ನು ಗುದ್ದಿದಾಗ ಎಣಿಸಲು ಶುರುಮಾಡಿದೆ. ಮುಂದಿನ ಕಲ್ಲಿಗೆ 106.

ಮುಳ್ಳು ಹೆಚ್ಚು ತೋರಿಸುತ್ತಿತ್ತು. 40 ಎಂದು ಹೇಳುವಾಗ ನಾವು ಹೋಗುತ್ತಿದ್ದುದು ಬರೀ 34ರಲ್ಲಿ. ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಿ ಟೇಪು ಬಿಚ್ಚಿ ಮೂರೂ ತಲೆ ಬಗ್ಗಿಸಿ ನೋಡಿದೆವು. ಡಯಲಿನಲ್ಲಿ ಸೊನ್ನೆಯ ಹತ್ತಿರ ಒಂದು ಪುಟ್ಟ ಮೊಳೆ ಎದ್ದು ನಿಂತಿತ್ತು. ಇದು ಯಾಕೆ ಇದೆ ಎಂದು ಕೇಳಿದವಳು ಅವ್ವ. ಮುಳ್ಳು ಸೊನ್ನೆಯಲ್ಲಿ ತಾನೇ ನಿಲ್ಲುವಂತಿದ್ದರೆ ತಡೆಯಲು ಮೊಳೆ ಯಾತಕ್ಕೆ? ಅಪ್ಪ ಬಹಳ ಹೊತ್ತು ನೋಡಿದ. ಹಾಗಾದರೆ ಅದು ನಿಲ್ಲಬೇಕಾದ ಜಾಗ ಸೊನ್ನೆಗಿಂತ ಕೆಳಗಿದೆ, ಮೊಳೆ ಅದನ್ನು ಮೇಲೆ ಹಿಡಿದಿದೆ ಎಂದ. ಅವ್ವ ಸೊಂಟದ ಚೀಲದಿಂದ ಚಮಚ ತೆಗೆದಳು. ಬೇಕಾಗಬಹುದೆಂದು ತಂದಿದ್ದಳು. ಮುಳ್ಳನ್ನು ಸೊನ್ನೆಯ ಕೆಳಗೆ ಆರು ಕಿಲೋಮೀಟರಿನ ಅಂತರಕ್ಕೆ ಸರಿಯಾಗಿ ಕೂರಿಸಿ, ತುದಿಯನ್ನು ಮೊಳೆಯ ಮೇಲಿಂದ ಎತ್ತಿ ದಾಟಿಸಿ ಬಿಟ್ಟಳು. ಅದು ಹಿಂದಕ್ಕೆ ಎಳೆಯುತ್ತ ಮೊಳೆಗೆ ಒರಗಿ ನಿಂತಿತು. ಮುಂದಿನ ಕಲ್ಲಿನಿಂದ ಮತ್ತೆ ಎಣಿಸಿದೆ. 89.

ಮೋಶಿಯ ಹತ್ತಿರ ಇಂದ್ರಾಯಣಿಯ ಸೇತುವೆಯ ಮೇಲೆ ಅಪ್ಪ ಗಾಡಿ ನಿಲ್ಲಿಸಿದ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಈ ನೀರು ತುಳಾಪುರದಲ್ಲಿ ಭೀಮೆಗೆ ಕೂಡುತ್ತದೆ, ಅಲ್ಲಿಂದ ಉಜನಿ ದಾಟಿ ನಮ್ಮೂರ ದಂಡೆಗೆ ಹೋಗುತ್ತದೆ ಎಂದು ಹೇಳಿ ಪುಸ್ತಕ ತೆಗೆದು ಅಂಕಿ ಬರೆದುಕೊಂಡ. ಅವ್ವ ಬಗ್ಗಿ ನೀರು ನೋಡುತ್ತ ನಿಂತಳು. ಅವಳು ಊರಿಗೆ ಹೋಗಿ ಆಗ ಎರಡು ವರ್ಷವಾಗಿತ್ತು.

ಮುಂದೆ ಇದೇ ಭೋಸರಿಯಲ್ಲಿ ನನಗೆ ಕೆಲಸ ಸಿಕ್ಕಿತು, ಮನೆಯಲ್ಲಿ ಗುರುವಾರದ ಮೀಟರು ರಿಪೇರಿಯೂ ನಿಲ್ಲಲಿಲ್ಲ. ಬೇರೆ ಬೇರೆ ಜಾತಿಯವು ಬಂದವು. ಆಯಿಲ್ ಪ್ರೆಶರ್ ಮೀಟರಿನೊಳಗೆ ಚಪ್ಪಟೆ ಹಿತ್ತಾಳೆ ಕೊಳವೆಯೊಂದು ಕುಡುಗೋಲಿನಂತೆ ಬಾಗಿರುತ್ತದೆ. ಒತ್ತಡ ಬಂದರೆ ಅದು ನೆಟ್ಟಗಾಗಲು ನೋಡುತ್ತದೆ, ಆ ಒಂದಿಷ್ಟು ಚಲನೆಯೇ ಮುಳ್ಳನ್ನು ತಿರುಗಿಸುವುದು. ಫ್ರಾನ್ಸಿನ ಬೂರ್ಡೋನ್ 1849ರಲ್ಲಿ ಕಂಡ ಉಪಾಯ. ಹಳೆಯ ಟೆಂಪರೇಚರ್ ಮೀಟರಿನದೂ ಅದೇ ಮಾದರಿ, ಆದರೆ ಅದರ ಉದ್ದನೆಯ ತೆಳು ಕೊಳವೆಯಲ್ಲಿ ಈಥರ್ ತುಂಬಿ ಬೆಸುಗೆ ಹಾಕಿರುತ್ತಾರೆ. ಆ ಕೊಳವೆಯನ್ನು ಕತ್ತರಿಸಿದರೆ ಅಲ್ಲಿಗೆ ಮುಗಿಯಿತು. ಇದನ್ನು ಗೊತ್ತಿಲ್ಲದೆ ಒಬ್ಬರು ಟ್ರಕ್ಕಿನವರ ಮೀಟರನ್ನು ನಾನು ಕೆಡಿಸಿದ್ದೇನೆ. ಹೊಸದು ತಂದುಕೊಟ್ಟೆ, ಆದರೆ ಅವರ ಮುಖ ಮರೆಯಲಾಗಿಲ್ಲ.

ಖಡಕಿ, ದೇಹೂ ರೋಡಿನ ಸೈನ್ಯದ ಡಿಪೋಗಳಿಂದ ಹರಾಜಿನಲ್ಲಿ ಹೊರಬಂದ ಹಳೆಯ ಜೀಪುಗಳ ಮೀಟರುಗಳೂ ಈ ಕಡೆ ತಿರುಗಾಡುತ್ತವೆ. ಅವುಗಳಲ್ಲಿ ಎರಡನೆಯ ಮಹಾಯುದ್ಧದ ಕಾಲದವನ್ನು ನಾನು ಬಿಚ್ಚುವುದಿಲ್ಲ, ಯಾರೂ ಮನೆಯಲ್ಲಿ ಬಿಚ್ಚಬಾರದು ಎಂದು ಕೈಮುಗಿದು ಹೇಳುತ್ತೇನೆ. ಕತ್ತಲಲ್ಲಿ ಕಾಣಲೆಂದು ಅಂಥ ಡಯಲುಗಳ ಅಂಕಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಹೊಳಪು ಎಂದೋ ಸತ್ತಿರುತ್ತದೆ, ಹೊಳೆಯುವ ಪುಡಿ ಸವೆದುಹೋಗಿರುವುದರಿಂದ. ರೇಡಿಯಂ ಮಾತ್ರ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಾಜು ತೆಗೆದು ಊದಿದರೆ ಆ ಧೂಳು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಮಡಚಿದ್ದೆಲ್ಲ ಬಿಚ್ಚುವುದಕ್ಕೇ ಇದೆ ಎಂದು ಹದಿಮೂರರಲ್ಲಿ ನಾನು ನಂಬಿದ್ದೆ. ಈಗ ಮೊದಲು ಒಳಗೆ ಏನಿದೆ ಎಂದು ತಿಳಿದುಕೊಳ್ಳುತ್ತೇನೆ.

ಆ ಗುರುವಾರದ ಸಂಜೆ ಅಂಚು ಮಡಚಿದವನು ಅಪ್ಪನೇ. ಕಿತ್ತ ಸೈಕಲ್ ಟ್ಯೂಬಿನಿಂದ ಹೊಸ ರಬ್ಬರ್ ರಿಂಗ್ ಕತ್ತರಿಸಿದ್ದ. ಹಬೆ ಒಳಗೆ ಉಳಿಯಬಾರದೆಂದು ಮೀಟರನ್ನು ಒಲೆಯ ಪಕ್ಕ ಬೆಚ್ಚಗಿಟ್ಟು, ಡಬ್ಬಿಯ ಅಡಿಯ ಉಸಿರಾಡುವ ತೂತನ್ನು ಸೂಜಿಯಿಂದ ಬಿಡಿಸಿದ. ಮತ್ತೆ ಜೋಳದ ಚೀಲ. ನಾನು ಎರಡೂ ಅಂಗೈ ಊರಿ ಡಬ್ಬಿಯನ್ನು ಕೆಳಗೆ ಅದುಮಿದೆ, ಅವನು ಬಾಗಿಲಿನ ಬೀಟೆ ಚೂರೊಂದನ್ನು ಬಲಗೈಯಲ್ಲಿ ಹಿಡಿದು ಅಂಚನ್ನು ಒಳಕ್ಕೆ ಉಜ್ಜುತ್ತ ಬಂದ. ಎಡಗೈಯ ಮೋಟು ಬೆರಳುಗಳು ಅವನ ಮುಂದೆ ಮುಂದೆ ಅಂಚಿನ ಮೇಲೆ ಹರಿಯುತ್ತಿದ್ದವು, ಎಲ್ಲಿ ಎಷ್ಟು ಒತ್ತಬೇಕೆಂದು ಹುಡುಕುತ್ತ. ಪ್ರೆಸ್ಸು ಒಂದು ಕ್ಷಣದಲ್ಲಿ ಮಾಡುವುದನ್ನು ಅವನು ಮುಕ್ಕಾಲು ತಾಸು ಮಾಡಿದ. ನಾನು 'ಟಿಕ್' ಅನ್ನಿಸಿದ ಜಾಗಕ್ಕೆ ಬಂದಾಗ ನಿಂತು, ಮೋಟು ಬೆರಳಿನಿಂದ ಎರಡು ಸಲ ಸವರಿ, ಬಹಳ ಹಗುರಾಗಿ ಮಡಚಿ ಮುಂದೆ ಹೋದ.

ಆ ಜಾಗದಲ್ಲಿ ಕೂದಲಿನಷ್ಟು ಸೀಳು ಉಳಿಯಿತು. ಯೆಜ್ಡಿ ಈಗಲೂ ನಮ್ಮ ಮನೆಯ ಮುಂದಿದೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಪ್ಪ ಗಾಡಿ ಓಡಿಸುವುದನ್ನು ಬಿಟ್ಟೂ ಬಹಳ ವರ್ಷವಾಯಿತು. ಭಾನುವಾರಕ್ಕೊಮ್ಮೆ ನಾನು ಮೋಶಿಯವರೆಗೆ ಹೋಗಿ ಬಂದು ಅಂಕಿ ಹೇಳುತ್ತೇನೆ, ಅವನು ಬರೆದುಕೊಳ್ಳುತ್ತಾನೆ. ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಮೀಟರಿನ ಗಾಜಿನ ಒಳಗೆ, 80ರ ಮೇಲೆ, ಉಗುರಿನಷ್ಟು ಅಗಲ ಹಬೆ ಕೂಡುತ್ತದೆ. ಅಪ್ಪ ಹೊರಗೆ ಬಂದು ಮಬ್ಬು ಕಣ್ಣಿನಿಂದ ಅದನ್ನು ನೋಡುತ್ತಾನೆ, ಮೊದಲಿನಷ್ಟೇ ಐತೇನು ಎಂದು ಕೇಳುತ್ತಾನೆ. ಅಷ್ಟೇ ಐತಿ ಎನ್ನುತ್ತೇನೆ. ಬಿಸಿಲು ಏರಿದರೆ ಹತ್ತು ಗಂಟೆಯೊಳಗೆ ಆರಿಹೋಗುತ್ತದೆ.